ಅದೇ ಪಾಪ, ಬೇರೆ ಬೇರೆ ಇಗರ್ಜಿ

ಆಪ್ತಸಮಾಲೋಚನೆಗೆ ಬರುವ ಕ್ರೈಸ್ತ ಯುವಕರಲ್ಲಿ ಅನೇಕರು ತಮ್ಮ ತೊಂದರೆ ಏನೆಂದು ಹೇಳುವ ಮೊದಲೇ ಈವರೆಗೆ ಮಾಡಿಕೊಂಡ ಪರಿಹಾರಗಳನ್ನು ಒಪ್ಪಿಸುತ್ತಾರೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದುದ್ದಕ್ಕೂ ಮಾಂಸ ಬಿಟ್ಟಿದ್ದು, ಧ್ಯಾನಕೂಟದಲ್ಲಿ ಅತ್ತಿದ್ದು, ಉಪವಾಸ ಪ್ರಾರ್ಥನೆಯಲ್ಲಿ ಪಾಸ್ಟರರು ತಲೆಯ ಮೇಲೆ ಕೈಯಿಟ್ಟಿದ್ದು, ಮೊಬೈಲನ್ನು ಫಾರ್ಮ್ಯಾಟ್ ಮಾಡಿದ್ದು. ಆಮೇಲೆ ದನಿ ತಗ್ಗಿಸಿ, ರಾತ್ರಿ ಅಶ್ಲೀಲ ವಿಡಿಯೊ ನೋಡುವುದನ್ನೂ ಅದರ ಜೊತೆಗಿನ ಹಸ್ತಮೈಥುನವನ್ನೂ ಬಿಡಲಾಗುತ್ತಿಲ್ಲ ಎನ್ನುತ್ತಾರೆ. ಮಹಿಳೆಯರೂ ಬರುತ್ತಾರೆ, ಆದರೆ ನಿದ್ದೆ ಬರುವುದಿಲ್ಲ, ತಲೆನೋವು ಎಂದು ಬೇರೆ ದೂರು ಹೇಳಿಕೊಂಡು ಬಂದವರು ನಾಲ್ಕನೆಯದೋ ಐದನೆಯದೋ ಭೇಟಿಯಲ್ಲಿ ಇದನ್ನು ಬಾಯಿಬಿಡುತ್ತಾರೆ. ಕ್ರೈಸ್ತ ವಿಶ್ವಾಸದಲ್ಲಿ ಇಂಥ ಅಭ್ಯಾಸದಿಂದ ಹೊರಬರಲು ಬೇಕಾದ ಸಾಧನಗಳು ಧಾರಾಳವಾಗಿವೆ ಎಂಬುದು ನನ್ನ ಅನುಭವ. ತೊಂದರೆಯೆಂದರೆ, ಬಹುಪಾಲು ಜನ ಅವನ್ನು ತಮಗೆ ತಾವೇ ವಿಧಿಸಿಕೊಳ್ಳುವ ಶಿಕ್ಷೆಯಾಗಿ ಬಳಸುತ್ತಾರೆ, ಮತ್ತು ಶಿಕ್ಷೆಯಾಗಿ ಬಳಸಿದಾಗ ಅವೇ ಸಾಧನಗಳು ಅಭ್ಯಾಸಕ್ಕೆ ನೀರೆರೆಯುತ್ತವೆ.

ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗವರ್ಗೀಕರಣದ 11ನೇ ಆವೃತ್ತಿಯಲ್ಲಿ, ಲೈಂಗಿಕ ವರ್ತನೆಯ ಮೇಲೆ ಹಿಡಿತ ತಪ್ಪಿದ ಸ್ಥಿತಿಯನ್ನು ಒಂದು ಮಾನಸಿಕ ತೊಂದರೆಯಾಗಿ ಗುರುತಿಸಲಾಗಿದೆ. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಪ್ರಯತ್ನಪಟ್ಟರೂ ನಿಲ್ಲಿಸಲಾಗದೆ, ಉದ್ಯೋಗ, ಆರೋಗ್ಯ, ಸಂಬಂಧಗಳು ಹಾಳಾಗುತ್ತಿದ್ದರೆ ಮಾತ್ರ ಈ ಹೆಸರು ಅನ್ವಯಿಸುತ್ತದೆ. ‘ಇದು ತಪ್ಪು’ ಎಂಬ ನೈತಿಕ ಭಾವನೆಯಿಂದಷ್ಟೇ ಹುಟ್ಟಿದ ಸಂಕಟ ರೋಗನಿರ್ಣಯಕ್ಕೆ ಸಾಲದೆಂದು ಅಲ್ಲೇ ಹೇಳಿದೆ. ಅಮೆರಿಕದ ಸಂಶೋಧಕ ಜೋಶುವಾ ಗ್ರಬ್ಸ್ ಮತ್ತು ಸಂಗಡಿಗರು ತೋರಿಸಿಕೊಟ್ಟಿರುವಂತೆ, ಧಾರ್ಮಿಕ ಶ್ರದ್ಧೆಯುಳ್ಳವರು ಇತರರಿಗಿಂತ ಹೆಚ್ಚು ನೋಡದಿದ್ದರೂ ತಮ್ಮನ್ನು ವ್ಯಸನಿಗಳೆಂದು ಭಾವಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಆದ್ದರಿಂದ ತಿಂಗಳಿಗೊಮ್ಮೆ ಎಡವಿ ತಿಂಗಳಿಡೀ ನರಳುವವನಿಗೂ ರಾತ್ರಿ ಮೂರರವರೆಗೆ ನೋಡಿ ಬೆಳಗಿನ ಪಾಳಿ ತಪ್ಪಿಸಿಕೊಳ್ಳುವವನಿಗೂ ಒಂದೇ ಮದ್ದು ಕೊಡಲಾಗದು. ಮೊದಲನೆಯವನಿಗೆ ಬೇಕಾದುದು ಒಳ್ಳೆಯ ಆತ್ಮಿಕ ಮಾರ್ಗದರ್ಶಕರು. ಎರಡನೆಯವನಿಗೆ ಅವರ ಜೊತೆಗೆ ಚಿಕಿತ್ಸೆಯೂ ಬೇಕು. ಬಸ್ ನಿಲ್ದಾಣದ ಗೋಡೆಗಳ ಮೇಲಿನ ‘ಗುಪ್ತರೋಗ’ದ ಜಾಹೀರಾತು ಓದಿ, ಧಾತು ನಷ್ಟವಾಗಿ ಶಕ್ತಿಗುಂದಿದ್ದೇನೆ ಎಂದು ಹೆದರಿ ಬರುವವರಿಗೆ ಹೇಳಬೇಕಾದುದು ಇಷ್ಟೆ: ವೈದ್ಯಶಾಸ್ತ್ರದಲ್ಲಿ ಅಂಥ ನಷ್ಟವೆಂಬುದಿಲ್ಲ.

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಬ್ಬ ಯುವಕನ ಸಂಗತಿ ಹೇಳುತ್ತೇನೆ. ಕರಾವಳಿಯ ಕಥೊಲಿಕ ಮನೆತನದವನು, ಧರ್ಮಕೇಂದ್ರದ ಗಾಯನ ಮಂಡಳಿಯಲ್ಲಿ ಹಾಡುವವನು. ಪ್ರತಿ ಶನಿವಾರ ಸಂಜೆ ಬೈಕ್ ಹತ್ತಿ ಪಾಪನಿವೇದನೆಗೆ, ಅಂದರೆ ಗುರುಗಳ (ಪಾದ್ರಿಗಳ) ಮುಂದೆ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವ ಸಂಸ್ಕಾರಕ್ಕೆ, ಹೋಗುತ್ತಿದ್ದ, ಆದರೆ ಒಂದು ವಾರ ಹೋದ ಇಗರ್ಜಿಗೆ ಮುಂದಿನ ವಾರ ಹೋಗುತ್ತಿರಲಿಲ್ಲ. ಯಾವ ಗುರುಗಳಿಗೂ ತನ್ನ ದನಿಯ ಗುರುತು ಸಿಗಬಾರದು, ‘ಕಳೆದ ವಾರವೂ ಇದನ್ನೇ ಹೇಳಿದ್ದೆಯಲ್ಲ’ ಎಂದು ಯಾರೂ ಕೇಳಬಾರದು ಎಂಬುದು ಲೆಕ್ಕಾಚಾರ. ಹೀಗಾಗಿ ಪ್ರತಿಯೊಬ್ಬ ಗುರುಗಳ ಕಿವಿಗೂ ಅದು ಮೊದಲ ಬಾರಿಯ ತಪ್ಪು, ಪ್ರತಿಯೊಬ್ಬರಿಂದಲೂ ಅದೇ ಮೃದುವಾದ ಮಾತು, ಪ್ರಾಯಶ್ಚಿತ್ತವಾಗಿ ಅದೇ ಮೂರು ‘ನಮೋ ಮರಿಯ’ ಪ್ರಾರ್ಥನೆ. ಭಾನುವಾರ ಪರಮಪ್ರಸಾದ ಸ್ವೀಕರಿಸಿ ಹಗುರಾದವನು ಬುಧವಾರದ ಹೊತ್ತಿಗೆ ಮತ್ತೆ ಎಡವುತ್ತಿದ್ದ, ಶನಿವಾರ ಹೇಗೂ ಇದೆಯಲ್ಲ ಎಂಬ ಧೈರ್ಯದಿಂದ ಗುರುವಾರ, ಶುಕ್ರವಾರಗಳನ್ನೂ ಅದಕ್ಕೇ ಬಿಟ್ಟುಕೊಡುತ್ತಿದ್ದ. ಸಂಸ್ಕಾರವೇ ಅಭ್ಯಾಸದ ವಾರದ ವೇಳಾಪಟ್ಟಿಯೊಳಗೆ ಒಂದು ದಿನವಾಗಿ ಸೇರಿಹೋಗಿತ್ತು.

ಅವನಿಗೆ ನಾನು ಸೂಚಿಸಿದ್ದು ಹೊಸ ವಿದ್ಯೆಯೇನಲ್ಲ, ಕಥೊಲಿಕ ಸಂಪ್ರದಾಯದಲ್ಲಿ ಬಹಳ ಹಿಂದಿನಿಂದಲೂ ಇರುವ ಬುದ್ಧಿಮಾತು: ಒಬ್ಬರೇ ಗುರುಗಳ ಬಳಿ, ನಿಗದಿತ ದಿನ, ಎಡವಿದರೂ ಎಡವದಿದ್ದರೂ ಹೋಗುವುದು. ಎಡವದ ವಾರವೂ ಹೋಗುವುದೇ ಇದರಲ್ಲಿ ಮುಖ್ಯ, ಏಕೆಂದರೆ ಆಗ ಪಾಪನಿವೇದನೆ ಕೊಳೆ ತೊಳೆಯುವ ಬಚ್ಚಲಷ್ಟೇ ಆಗಿ ಉಳಿಯುವುದಿಲ್ಲ. ತನ್ನ ಕಥೆಯನ್ನು ಮೊದಲಿಂದ ಬಲ್ಲ ಒಬ್ಬ ಮನುಷ್ಯನ ಎದುರು ಬಯಲಾಗಿ ಕೂರುವುದೇ, ಈ ಅಭ್ಯಾಸಕ್ಕೆ ಆಸರೆಯಾಗಿರುವ ಗುಟ್ಟಿನ ಬೇರನ್ನು ಸಡಿಲಿಸುತ್ತದೆ. ಇದರ ಇನ್ನೊಂದು ಅತಿಯನ್ನೂ ಕಂಡಿದ್ದೇನೆ. ಹೇಳಿದ್ದನ್ನೇ ಮತ್ತೆ ಹೇಳಿ, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಗುರುಗಳನ್ನು ಹಿಂಬಾಲಿಸುವವರಿದ್ದಾರೆ. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲಾ 1522ರ ಸುಮಾರಿಗೆ ಸ್ಪೇನಿನ ಮನ್ರೇಸಾದಲ್ಲಿ ಇದೇ ಅತಿಶಂಕೆಯಿಂದ ಸಾಯುವ ಯೋಚನೆಯವರೆಗೂ ಹೋಗಿದ್ದರು. ಹಳೆಯ ಪಾಪಗಳನ್ನು ಮತ್ತೆ ನಿವೇದಿಸುವುದನ್ನು ನಿಲ್ಲಿಸಿದ ಮೇಲೆಯೇ ಅವರಿಗೆ ಬಿಡುಗಡೆಯಾಯಿತು. ಇಂದು ಅಂಥ ಲಕ್ಷಣಗಳನ್ನು ಗೀಳು ರೋಗದ ಒಂದು ರೂಪವಾಗಿ ನೋಡುತ್ತೇವೆ, ಅದಕ್ಕೆ ಪರಿಣಾಮಕಾರಿ ಚಿಕಿತ್ಸೆಯಿದೆ.

ಅಭ್ಯಾಸ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ನಾಲ್ಕನೆಯ ಶತಮಾನದ ಕ್ರೈಸ್ತ ಚಿಂತಕ ಸಂತ ಅಗಸ್ಟಿನ್‌ರಷ್ಟು ಚೆನ್ನಾಗಿ ವಿವರಿಸಿದವರು ವಿರಳ. ಕೆಟ್ಟ ಇಚ್ಛೆಯಿಂದ ಕಾಮನೆ, ಕಾಮನೆಗೆ ಒಲಿಯುತ್ತ ಹೋದರೆ ರೂಢಿ, ರೂಢಿಯನ್ನು ತಡೆಯದಿದ್ದರೆ ಅನಿವಾರ್ಯತೆ ಎಂದು ಕೊಂಡಿಗೆ ಕೊಂಡಿ ಸೇರಿದ ಸರಪಳಿಯನ್ನು ಅವರು ತಮ್ಮ ಬದುಕಿನಿಂದಲೇ ಬಿಡಿಸಿ ತೋರಿಸಿದ್ದಾರೆ. 386ರಲ್ಲಿ ಮಿಲಾನಿನ ತೋಟದಲ್ಲಿ, ಸಂತ ಪೌಲನು ರೋಮಾಪುರದವರಿಗೆ ಬರೆದ ಬೈಬಲಿನ ಪತ್ರಿಕೆಯ 13ನೇ ಅಧ್ಯಾಯದ ಸಾಲುಗಳನ್ನು ಓದಿ ಅವರು ಬದಲಾದದ್ದು ನಮ್ಮ ಪ್ರಸಂಗಗಳಲ್ಲಿ ಆಗಾಗ ಬರುತ್ತದೆ. ಬಾರದೇ ಉಳಿಯುವ ಸಂಗತಿಗಳು ಎರಡು. ಆ ಹೊತ್ತಿನಲ್ಲಿ ಅವರು ಒಬ್ಬಂಟಿಯಾಗಿರಲಿಲ್ಲ, ಗೆಳೆಯ ಅಲಿಪಿಯಸ್ ಅದೇ ತೋಟದಲ್ಲಿದ್ದ, ಓದಿದ್ದನ್ನು ಅವರು ಮೊದಲು ತೋರಿಸಿದ್ದು ಅವನಿಗೇ. ಮತ್ತೆ, ವರ್ಷಗಳು ಕಳೆದು ಬಿಷಪರಾದ ಮೇಲೂ ಹಳೆಯ ರೂಢಿಯ ಚಿತ್ರಗಳು ನಿದ್ದೆಯಲ್ಲಿ ತಮ್ಮನ್ನು ಕಾಡುತ್ತವೆ ಎಂದು ಅವರೇ ಬರೆದುಕೊಂಡಿದ್ದಾರೆ. ‘ಪವಿತ್ರಾತ್ಮದ ಅಭಿಷೇಕವಾದ ದಿನದಿಂದ ಮತ್ತೆ ಯೋಚನೆಯೂ ಬರಲಿಲ್ಲ’ ಎಂಬ ಸಾಕ್ಷಿಗಳನ್ನು ವೇದಿಕೆಯಿಂದ ಕೇಳಿಸುವ ಕೂಟಗಳು ಅಗಸ್ಟಿನ್‌ರ ಈ ಪುಟವನ್ನೂ ಓದಿಸಿದರೆ, ಕೆಳಗೆ ಕೂತು ತನ್ನ ವಿಶ್ವಾಸವೇ ಸುಳ್ಳೆಂದು ತೀರ್ಮಾನಿಸಿಕೊಳ್ಳುವ ಹುಡುಗರ ಸಂಖ್ಯೆ ಕಡಿಮೆಯಾದೀತು.

ಅಗಸ್ಟಿನ್‌ರ ಕಾಲದಲ್ಲೇ ಈಜಿಪ್ಟಿನ ಮರುಭೂಮಿಯಲ್ಲಿದ್ದು 399ರಲ್ಲಿ ತೀರಿಕೊಂಡ ಸನ್ಯಾಸಿ ಇವಾಗ್ರಿಯಸ್, ಮನುಷ್ಯನನ್ನು ಕೆಡಿಸುವ ಎಂಟು ಯೋಚನೆಗಳನ್ನು ಪಟ್ಟಿ ಮಾಡಿದವರು. ಯಾವ ಯೋಚನೆ ಯಾವುದರ ಬೆನ್ನಿಗೆ ಬರುತ್ತದೆ, ಯಾವಾಗ ಹೆಚ್ಚುತ್ತದೆ, ಯಾವಾಗ ತಗ್ಗುತ್ತದೆ ಎಂಬುದನ್ನು ಗಮನಿಸಿಡಿ ಎಂಬುದು ಅವರ ಬೋಧನೆ. ವರ್ತನಾ ಚಿಕಿತ್ಸೆಯಲ್ಲಿ ನಾವು ಮೊದಲ ವಾರ ಮಾಡಿಸುವುದೂ ಇದನ್ನೇ. ಆ ಯುವಕನಿಗೆ ಒಂದು ಸಣ್ಣ ಪುಸ್ತಕ ಕೊಟ್ಟು, ಎಡವಿದ ಗಂಟೆಯನ್ನಲ್ಲ, ಅದಕ್ಕಿಂತ ನಾಲ್ಕು ಗಂಟೆ ಮೊದಲು ಏನಾಗಿತ್ತು ಎಂಬುದನ್ನು ಬರೆಯಲು ಹೇಳಿದೆ. ಅವನು ಬರೆದು ತಂದ ಪುಟಗಳಲ್ಲಿ ಹೆಣ್ಣಿನ ಸುದ್ದಿಯೇ ಇರಲಿಲ್ಲ. ‘ಅಪ್ಪನ ಫೋನ್, ಸಾಲದ ಮಾತು.’ ‘ಅಣ್ಣನ ವೀಸಾ ಆಯಿತು, ಅಮ್ಮ ಹೋಲಿಸಿದರು.’ ‘ಮ್ಯಾನೇಜರ್ ಎಲ್ಲರ ಮುಂದೆ ಬೈದರು.’ ಕಾಮವೆಂದು ಅವನು ವರ್ಷಗಟ್ಟಲೆ ನಿವೇದಿಸುತ್ತಿದ್ದುದರ ಹಿಂದೆ ಇದ್ದುದು ಅವಮಾನವೂ ಅದನ್ನು ನುಂಗಿಕೊಳ್ಳುವ ರೂಢಿಯೂ. ಅದು ಗೊತ್ತಾದ ಮೇಲೆ ಅವನ ಪ್ರಾರ್ಥನೆಯ ವಿಷಯ ಬದಲಾಯಿತು. ಅಪ್ಪನ ಮೇಲಿನ ಸಿಟ್ಟನ್ನು ಬೈಬಲಿನ ಕೀರ್ತನೆಗಳ ಭಾಷೆಯಲ್ಲೇ ದೇವರ ಮುಂದೆ ಸುರಿಯಬಹುದು ಎಂಬುದೇ ಅವನಿಗೆ ಹೊಸ ವಿಷಯವಾಗಿತ್ತು.

ಎಡವಿದ ಮೇಲಿನ ಗಂಟೆ ಎಡವಿದ ಗಂಟೆಗಿಂತ ಅಪಾಯಕಾರಿ. ಮದ್ಯವ್ಯಸನದ ಚಿಕಿತ್ಸೆಯಲ್ಲಿ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಗುರುತಿಸಿದ್ದೂ ಇದನ್ನೇ: ವ್ರತ ಒಮ್ಮೆ ಮುರಿಯಿತೆಂದರೆ ‘ಹೇಗೂ ಹೋಯಿತು’ ಎಂಬ ಹತಾಶೆ ಬಂದು, ಒಂದು ಜಾರು ಪೂರ್ಣ ಪತನವಾಗುತ್ತದೆ. ಕೃಪೆಯ ಬೋಧನೆ ಮನೋವಿಜ್ಞಾನದ ದೃಷ್ಟಿಯಿಂದಲೂ ಬೆಲೆಯುಳ್ಳದ್ದಾಗುವುದು ಇಲ್ಲಿ. ಯೇಸು ಹೇಳಿದ ಕಥೆಯಂತೆ, ದಾರಿ ತಪ್ಪಿದ ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬಂದು ಅಪ್ಪಿಕೊಳ್ಳುವನೆಂದು ನಿಜವಾಗಿ ನಂಬಿದವನು, ಶನಿವಾರಕ್ಕೆ ಕಾಯದೆ ಅದೇ ರಾತ್ರಿ ಎದ್ದು ಮುಖ ತೊಳೆದು, ಐವತ್ತೊಂದನೆಯ ಕೀರ್ತನೆ ಓದಿ, ದೀಪವಾರಿಸಿ ಮಲಗಬಲ್ಲ. ಯೋಚನೆಯೊಡನೆ ಗುದ್ದಾಡುವುದರಿಂದ ಅದು ಬಲಿಯುತ್ತದೆ ಎಂಬುದಕ್ಕೂ ಆಧಾರವಿದೆ; ಅಮೆರಿಕದ ಯೂಟಾದಲ್ಲಿ 28 ಪುರುಷರೊಂದಿಗೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಯಕೆಯನ್ನು ಹತ್ತಿಕ್ಕದೆ ಅದು ಬಂದುಹೋಗಲು ಬಿಟ್ಟು, ತನಗೆ ಬೆಲೆಯುಳ್ಳ ಕೆಲಸದತ್ತ ತಿರುಗುವುದನ್ನು ಕಲಿಸುವ ಹನ್ನೆರಡು ಭೇಟಿಗಳ ಚಿಕಿತ್ಸೆಯಿಂದ ಅಶ್ಲೀಲ ವಿಡಿಯೊ ವೀಕ್ಷಣೆ ಗಣನೀಯವಾಗಿ ತಗ್ಗಿತು. ಗುಡಿಸಿ ಅಲಂಕರಿಸಿದ್ದರೂ ಬರಿದಾಗಿದ್ದ ಮನೆಗೆ ಹೊರಟುಹೋದ ದೆವ್ವ ಇನ್ನೂ ಏಳನ್ನು ಕರೆದುಕೊಂಡು ಮರಳಿತು ಎಂದು ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಯೇಸು ಹೇಳುವುದನ್ನು ನಾನು ಸಭೆಗಳಲ್ಲಿ ಈ ಅರ್ಥದಲ್ಲೇ ವಿವರಿಸುತ್ತೇನೆ. ರಾತ್ರಿ ಹತ್ತರಿಂದ ಹನ್ನೆರಡರವರೆಗಿನ ಹೊತ್ತನ್ನು ಖಾಲಿ ಬಿಟ್ಟು ಬರೀ ಸಂಕಲ್ಪ ಮಾಡಿದರೆ ಆಗದು. ಬಡವರ ಸೇವೆ ಮಾಡುವ ಸಂತ ವಿನ್ಸೆಂಟ್ ಡಿ ಪೌಲ್ ಸಭೆಯವರೊಂದಿಗೆ ರೋಗಿಗಳ ಮನೆಗೆ ಹೋಗುವುದು, ವಾಲಿಬಾಲ್ ಆಡುವುದು, ಹಾಡಿನ ಅಭ್ಯಾಸ, ಏನೋ ಒಂದು ಇರಬೇಕು. ‘ನಿನ್ನ ಬಲಗಣ್ಣು ಕಾರಣವಾದರೆ ಕಿತ್ತು ಬಿಸಾಡು’ ಎಂಬ ಯೇಸುವಿನ ಕಠಿಣ ಮಾತಿನ ಇಂದಿನ ಅನ್ವಯವಂತೂ ತೀರ ಸರಳ: ಚಾರ್ಜರ್ ಅಡುಗೆಮನೆಯಲ್ಲಿರಲಿ, ಎಬ್ಬಿಸಲು ನೂರಿನ್ನೂರು ರೂಪಾಯಿಯ ಅಲಾರಂ ಗಡಿಯಾರ ಸಾಕು.

ಯಾರಿಗೆ ಹೇಳಬೇಕು ಎಂಬುದು ದೊಡ್ಡ ಪ್ರಶ್ನೆ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ ಎಂದು ಬೈಬಲಿನ ತನ್ನ ಪತ್ರಿಕೆಯಲ್ಲಿ ಯಾಕೋಬನು ಬರೆಯುತ್ತಾನೆ. ಆದರೆ ಅವನ ಕಾಲದಲ್ಲಿ ವಾಟ್ಸ್ಆ್ಯಪ್ ಇರಲಿಲ್ಲ. ‘ಸಹೋದರ ಒಬ್ಬರು ಮೊಬೈಲ್ ಬಂಧನದಲ್ಲಿದ್ದಾರೆ, ಪ್ರಾರ್ಥಿಸಿ’ ಎಂಬ ಸಂದೇಶ ಸಭೆಯ ಗುಂಪಿನಲ್ಲಿ ಓಡಾಡಿ, ಸಂಜೆಯೊಳಗೆ ಆ ಸಹೋದರ ಯಾರೆಂದು ಎಲ್ಲರಿಗೂ ತಿಳಿದ ನಿದರ್ಶನಗಳಿವೆ. ಪಾಪನಿವೇದನೆಯ ಗುಟ್ಟನ್ನು ಗುರುಗಳು ಎಂದೂ ಬಿಟ್ಟುಕೊಡುವಂತಿಲ್ಲ. ಮಾನಸಿಕ ಆರೋಗ್ಯ ವೃತ್ತಿಪರರು 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಗೋಪ್ಯತೆಗೆ ಬದ್ಧರು. ಪ್ರಾರ್ಥನಾ ಗುಂಪಿಗೆ ಇಂಥ ಯಾವ ಕಟ್ಟಳೆಯೂ ಇಲ್ಲ. ಹಿರಿಯರಲ್ಲಿ ಒಬ್ಬರನ್ನು, ಹೆಚ್ಚೆಂದರೆ ಇಬ್ಬರನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ನಿದ್ದೆ, ಉದ್ಯೋಗ ಕೆಡುವಷ್ಟು ಬೆಳೆದಿದ್ದರೆ, ಖಿನ್ನತೆಯ ಲಕ್ಷಣಗಳಿದ್ದರೆ, ಮನೋವೈದ್ಯರನ್ನು ಕಾಣಲು ತಡಮಾಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಲ್ಲಿ ಆರಂಭವಾದ ಪ್ರತ್ಯೇಕ ಚಿಕಿತ್ಸಾಲಯವಿದೆ. ಮಕ್ಕಳನ್ನು ಒಳಗೊಂಡ ದೃಶ್ಯಗಳು ಬೇರೆಯೇ ವಿಷಯ: ಅದು ಅಭ್ಯಾಸವಲ್ಲ, ಅಪರಾಧ. ಸಲಿಂಗ ಆಕರ್ಷಣೆಯನ್ನು ಇಂಥ ‘ಅಭ್ಯಾಸ’ಗಳ ಪಟ್ಟಿಗೆ ಸೇರಿಸಿ ಬದಲಿಸಿಕೊಡುವಂತೆ ಕೇಳಿಕೊಂಡು ಬರುವ ತಂದೆತಾಯಿಯರಿಗೆ ನಾನು ಆಗದೆಂದು ಹೇಳಿ ಕಳುಹಿಸುತ್ತೇನೆ; ಅಂಥ ‘ಪರಿವರ್ತನಾ ಚಿಕಿತ್ಸೆ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿದ್ರೋಹವೆಂದು ಸಾರಿದೆ.

ಇನ್ನು ಮದುವೆ. ‘ಕಾಮದಿಂದ ಬೇಯುವುದಕ್ಕಿಂತ ಮದುವೆಯಾಗುವುದು ಮೇಲು’ ಎಂಬ ಪೌಲನ ಮಾತನ್ನು ಹಿಡಿದು, ಹುಡುಗನಿಗೆ ಬೇಗ ಹೆಣ್ಣು ನೋಡಿ ಎಂದು ಸಲಹೆ ಕೊಡುವ ಪಾಸ್ಟರರೂ ಹಿರಿಯರೂ ಎಲ್ಲ ಸಭೆಗಳಲ್ಲಿದ್ದಾರೆ. ಅವಮಾನವನ್ನೋ ಒಂಟಿತನವನ್ನೋ ಮರೆಯಲು ಬೆಳೆಸಿಕೊಂಡ ರೂಢಿ ಮದುವೆಯ ಮೊದಲ ಕೆಲವು ತಿಂಗಳು ಅಡಗಿದ್ದು, ಮೊದಲ ಜಗಳಕ್ಕೋ ಗಲ್ಫಿನ ಕೆಲಸಕ್ಕೋ ಮತ್ತೆ ತಲೆಯೆತ್ತುತ್ತದೆ. ಆಗ ಅದನ್ನು ಮೊಬೈಲಿನಲ್ಲಿ ಕಾಣುವವಳು ಏನೂ ಅರಿಯದ ಹೆಂಡತಿ. ‘ನಾನು ಚೆನ್ನಾಗಿಲ್ಲವೇ ಡಾಕ್ಟ್ರೇ?’ ಎಂಬುದು ಅವಳ ಮೊದಲ ಪ್ರಶ್ನೆ. ‘ಏಳು ಎಪ್ಪತ್ತು ಸಲ ಕ್ಷಮಿಸಬೇಕಮ್ಮ’ ಎಂಬುದು ಅವಳಿಗೆ ಸಭೆಯಿಂದ ಸಿಗುವ ಮೊದಲ ಉತ್ತರ. ಗಂಡನ ಪಶ್ಚಾತ್ತಾಪವನ್ನು ಒಂದೇ ಸಂಜೆಯಲ್ಲಿ ಸಂಪೂರ್ಣಗೊಳಿಸಲು ಹೆಂಡತಿಯ ಕ್ಷಮೆಯನ್ನು ಬಲವಂತದಿಂದ ಪಡೆಯುವುದು ನನ್ನ ದೃಷ್ಟಿಯಲ್ಲಿ ಎರಡನೆಯ ಗಾಯ. ಅವಳಿಗೆ ಬೇರೆಯೇ ಆಪ್ತಸಮಾಲೋಚಕಿಯನ್ನು ಗೊತ್ತುಮಾಡಿ, ಇಬ್ಬರನ್ನೂ ಒಟ್ಟಿಗೆ ಕೂರಿಸುವುದನ್ನು ಅವಳು ಸಿದ್ಧಳಾಗುವವರೆಗೆ ಮುಂದೂಡುತ್ತೇನೆ. ಗಂಡನ ಮೊಬೈಲ್ ತಪಾಸಣೆ ಮಾಡುವ ಹೊಣೆಯನ್ನೂ ಅವಳಿಗೆ ವಹಿಸಲು ಬಿಡುವುದಿಲ್ಲ. ವಾರಕ್ಕೊಮ್ಮೆ ಕೇಳಿ ತಿಳಿಯುವ ಆ ಕೆಲಸ ಅವನೇ ಆರಿಸಿಕೊಂಡ ಹಿರಿಯ ಸಹೋದರನದ್ದು, ಅಥವಾ ಅವನ ಗುರುಗಳದ್ದು.