ಖಾಲಿ ಪೈಪು ಗಟಾರದ ನೀರು ಎಳೆದುಕೊಳ್ಳುತ್ತದೆ

ಹುಬ್ಬಳ್ಳಿ-ಧಾರವಾಡದವರಿಗೆ ನಳದ ದಿನ ಅಂದರೆ ಏನು ಅಂತ ಹೇಳಬೇಕಿಲ್ಲ. ನೀರು ಬರುವುದೇ ಎಷ್ಟೋ ದಿನಕ್ಕೊಮ್ಮೆ. ಸಂಪು, ಮೇಲೊಂದು ಟ್ಯಾಂಕು ಇದ್ದವರು ಮೋಟಾರ್ ಹಾಕಿ ನಿಶ್ಚಿಂತೆಯಾಗಿರುತ್ತಾರೆ. ಒಂದೇ ಖೋಲಿಯ ಮನೆಯವರು ಮಾತ್ರ ಕೊಡ, ಡ್ರಮ್ಮು ಸಾಲಾಗಿಟ್ಟು ಕಾಯಬೇಕು, ಅವತ್ತಿನ ಕೂಲಿ ತಪ್ಪಿದರೂ ಸರಿ.

2008ರ ಹೊತ್ತಿಗೆ ಇಲ್ಲಿನ ಕೆಲವೇ ವಾರ್ಡುಗಳಿಗೆ 24 ಗಂಟೆ ನೀರು ಬಂತು. ಸಾಲ ವಿಶ್ವಬ್ಯಾಂಕಿನದು, ನಡೆಸುವ ಗುತ್ತಿಗೆ ಫ್ರಾನ್ಸಿನ ವಿಯೋಲಿಯಾ ಕಂಪನಿಯದು. ಕಂಪನಿ ಸ್ವಂತ ಬಂಡವಾಳ ಹಾಕಲಿಲ್ಲ, ಶುಲ್ಕ ಪಡೆದು ನಡೆಸಿಕೊಟ್ಟಿತು. ಖಾಸಗಿಯವರು ಬಂದರೆ ದುಡ್ಡು ತರುತ್ತಾರೆ ಅನ್ನುವವರು ಇದನ್ನು ಗಮನಿಸಬೇಕು.

ಹಾಗಾದರೆ ಬದಲಾದದ್ದೇನು? ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಇಕ್ಕಟ್ಟಾದ ಓಣಿಗಳಲ್ಲಿ ಪೈಪು ಎಷ್ಟೋ ಕಡೆ ಗಟಾರಕ್ಕೆ ಅಂಟಿಕೊಂಡೇ ಹೋಗಿರುತ್ತದೆ, ಒಂದು ಜಾಯಿಂಟು ಸಡಿಲವಾಗಿದ್ದರೂ ಸಾಕು, ಕೊಳಚೆ ಒಳಗೆ ಇಳಿಯುತ್ತದೆ, ಮುಂದಿನ ಸಲ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಬೀಳುವುದು ಅದೇ. ಪೈಪು ಸದಾ ತುಂಬಿದ್ದರೆ ನೀರು ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಇಷ್ಟೇ ವಿಜ್ಞಾನ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿಯೇ ನಳದ ನೀರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಆಗೊಮ್ಮೆ ಈಗೊಮ್ಮೆ ನೀರು ಬರುವ ವಾರ್ಡುಗಳಲ್ಲಿ 100 ಮಾದರಿಗಳಿಗೆ ಸುಮಾರು 32ರಲ್ಲಿ ಇ. ಕೋಲಿ ಸಿಕ್ಕಿತು, ಅಂದರೆ ಮಲ ಸೇರಿದ ಗುರುತು. 24 ಗಂಟೆಯ ವಾರ್ಡುಗಳಲ್ಲಿ 100ಕ್ಕೆ ಒಂದಕ್ಕಿಂತಲೂ ಕಡಿಮೆ. 2015ರ ಇನ್ನೊಂದು ಅಧ್ಯಯನದಲ್ಲಿ ಆ ವಾರ್ಡುಗಳಲ್ಲಿ ಟೈಫಾಯ್ಡು, ಮಕ್ಕಳ ರಕ್ತಭೇದಿ ಕಡಿಮೆ ಕಂಡವು. ಸಾಮಾನ್ಯ ಭೇದಿಯಲ್ಲಿ ಮಾತ್ರ ಒಟ್ಟಾರೆ ಹೆಚ್ಚು ವ್ಯತ್ಯಾಸ ಇರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಅದು ಬರೀ ನೀರಿನಿಂದ ಬರುವುದಿಲ್ಲ, ಕೈಯಿಂದ, ಊಟದಿಂದ, ಬಯಲಿನ ಕೊಳಕಿನಿಂದಲೂ ಬರುತ್ತದೆ. ಮತ್ತೆ ದಿನವಿಡೀ ನೀರಿದ್ದರೂ ಕೊಡದಲ್ಲಿ ತುಂಬಿಡುವ ರೂಢಿ ಬೇಗ ಬಿಡುವುದಿಲ್ಲ ಅಲ್ವಾ, ಕೊಡದ ನೀರು ಕೈ ತಾಗಿಯೇ ಕೆಡುತ್ತದೆ.

ಹಾಗಂತ ನೀರು ಚೊಕ್ಕಟವಾದರೆ ಬಡವರ ಕಷ್ಟ ಮುಗಿಯಿತು ಅಂತಲ್ಲ. 24 ಗಂಟೆ ನೀರಿನ ಜೊತೆ ಮೀಟರ್ ಬರುತ್ತದೆ. ಜಾಸ್ತಿ ಬಳಸಿದಷ್ಟೂ ದರ ಏರುವ ಸ್ಲ್ಯಾಬ್ ಪದ್ಧತಿ ಕೇಳೋಕೆ ನ್ಯಾಯ ಅನ್ನಿಸುತ್ತದೆ. ಆದರೆ ಒಂದು ವಠಾರದಲ್ಲಿ ನಾಲ್ಕು ಬಾಡಿಗೆ ಸಂಸಾರಗಳು ಒಂದೇ ಮೀಟರ್ ಹಂಚಿಕೊಂಡಿದ್ದರೆ? ಪ್ರತಿ ಮನೆಯೂ ಸ್ವಲ್ಪವೇ ಬಳಸಿದರೂ ಮೀಟರಿಗೆ ಅದು ಒಂದೇ ದೊಡ್ಡ ಮನೆ. ಬಿಲ್ಲು ಮೇಲಿನ ಸ್ಲ್ಯಾಬಿಗೆ ಹೋಗುತ್ತದೆ, ಬಂಗಲೆಯವರ ದರ ವಠಾರದವರು ಕಟ್ಟುತ್ತಾರೆ. ಗುತ್ತಿಗೆಗೆ ಸಹಿ ಹಾಕುವ ಮುಂಚೆಯೇ ಇದನ್ನು ಸರಿಪಡಿಸಬಹುದು. ಒಂದು ಮೀಟರಿನಲ್ಲಿ ಎಷ್ಟು ಸಂಸಾರಗಳಿವೆಯೋ ಅಷ್ಟು ಪಾಲು ಮಾಡಿ ಸ್ಲ್ಯಾಬ್ ಹಾಕಬೇಕು.