ಏರ್ ಫ್ರೈಯರ್‌ನಲ್ಲಿ ಗರಿಗರಿ ಸ್ಟಫಿಂಗ್ ಉಂಡೆ: ನೀರಿನ ಲೆಕ್ಕ ಸರಿ ಇದ್ದರೆ ಸಾಕು

ಬಳ್ಳಾರಿಯಲ್ಲಿ ನಾನು ನಡೆಸುವ ಅಡುಗೆ ತರಗತಿಗೆ ಏರ್ ಫ್ರೈಯರ್, ಅಂದರೆ ಬಿಸಿ ಗಾಳಿಯಲ್ಲಿ ಬೇಯಿಸುವ ಯಂತ್ರ ಕೊಂಡವರು ಬಂದರೆ ಮೊದಲು ಕೇಳುವ ಪ್ರಶ್ನೆ ಒಂದೇ. "ಇದರಾಗ ಮಿರ್ಚಿ ಮಾಡಾಕ ಬರ್ತೈತೇನ್ರಿ ಮೇಡಂ?" ಒಗ್ಗರಣೆ ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ ತಿನ್ನುವ ಊರಲ್ಲಿ ಇದು ಬರಲೇಬೇಕಾದ ಪ್ರಶ್ನೆ. ನನ್ನ ಉತ್ತರ ನೇರ: ಬರಲ್ಲ. ಮಿರ್ಚಿಯ ಹಿಟ್ಟು ತೆಳು. ಕಾದ ಎಣ್ಣೆಗೆ ಬಿದ್ದ ಕೂಡಲೇ ಅದು ಗಟ್ಟಿಯಾಗಿ ಮೆಣಸಿನಕಾಯಿಯನ್ನು ಹಿಡಿದುಕೊಳ್ಳಬೇಕು. ಬಿಸಿ ಗಾಳಿ ಅಷ್ಟು ಬೇಗ ಶಾಖ ಕೊಡೋದಿಲ್ಲ. ಹಿಟ್ಟು ಗಟ್ಟಿಯಾಗುವ ಮೊದಲೇ ಬುಟ್ಟಿಯ ತೂತುಗಳಿಂದ ಕೆಳಗೆ ಸೋರುತ್ತದೆ. ಮಿರ್ಚಿಗೆ ಕಡಾಯಿಯೇ ಸರಿ.

ಹಾಗಾದರೆ ಇದರಲ್ಲಿ ಚೆನ್ನಾಗಿ ಬರೋದು ಏನು? ಮೊದಲೇ ಗಟ್ಟಿ ಆಕಾರ ಇರುವ, ಹೊರಮೈ ಒಣಗಿರುವ ತಿನಿಸು. ನಾನು ಮೊದಲು ಕಲಿಸೋದು ಸ್ಟಫಿಂಗ್ ಉಂಡೆ. ಅದನ್ನು ಸರಿಯಾಗಿ ಮಾಡೋಕೆ ಬಂದರೆ ಈ ಯಂತ್ರದ ಸ್ವಭಾವ ಪೂರ್ತಿ ಕೈಗೆ ಸಿಕ್ಕ ಹಾಗೆ.

ಇಂಗ್ಲೆಂಡ್, ಅಮೆರಿಕದ ಕಡೆ ಕ್ರಿಸ್‌ಮಸ್ ಮತ್ತು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಇಡೀ ಕೋಳಿ ಅಥವಾ ಟರ್ಕಿ ಕೋಳಿಯನ್ನು ಓವನ್‌ನಲ್ಲಿ ಬೇಯಿಸುತ್ತಾರೆ. ಅದರ ಹೊಟ್ಟೆಯೊಳಗೆ ತುಂಬುವ ಹೂರಣವೇ ಸ್ಟಫಿಂಗ್. ಹಳೇ ಬ್ರೆಡ್ಡಿನ ಪುಡಿ, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಸೇಜ್ ಎಂಬ ಸೊಪ್ಪು, ಒಂದು ಮೊಟ್ಟೆ. ಕೆಲವರು ಕೀಮಾ ಸೇರಿಸುತ್ತಾರೆ. ಹೊಟ್ಟೆಯೊಳಗೆ ತುಂಬಿದಾಗ ಒಂದು ತೊಂದರೆ ಇದೆ. ಹಸಿ ಮಾಂಸದ ರಸವನ್ನು ಹೂರಣ ಕುಡಿದಿರುತ್ತದೆ, ಶಾಖ ಮಾತ್ರ ಅದರ ನಡುವಿಗೆ ಎಲ್ಲಕ್ಕಿಂತ ಕೊನೆಗೆ ತಲುಪುತ್ತದೆ. ಹೂರಣದ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರ ತಿನ್ನೋಕೆ ಸುರಕ್ಷಿತ. ಅಷ್ಟು ಹೊತ್ತು ಕಾದರೆ ಹೊರಗಿನ ಮಾಂಸ ಒಣಗುತ್ತದೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ಹೂರಣವನ್ನು ಹೊರಗೇ ಉಂಡೆ ಕಟ್ಟಿ ಬೇರೆ ಬೇಯಿಸುತ್ತಾರೆ. ಸುತ್ತಲೂ ಗರಿ ಪದರ ಸಿಗುತ್ತದೆ ಅನ್ನೋದು ಇನ್ನೊಂದು ಲಾಭ. ಮಾಂಸದ ಹಂಗು ಹೋದ ಮೇಲೆ ಅದು ನಮ್ಮ ಸಸ್ಯಾಹಾರಿ ಮನೆಗಳಿಗೂ ಒಗ್ಗುತ್ತದೆ.

ಓವನ್‌ಗೆಂದೇ ಇರುವ ಈ ತಿನಿಸು ಏರ್ ಫ್ರೈಯರ್‌ಗೆ ಸಲೀಸಾಗಿ ಹೊಂದಿಕೊಳ್ಳುತ್ತದೆ. ಯಾಕೆಂದರೆ 2010ರಲ್ಲಿ ಫಿಲಿಪ್ಸ್ ಕಂಪನಿ ಮಾರುಕಟ್ಟೆಗೆ ತಂದು ಹೆಸರಾದ ಈ ಯಂತ್ರವೂ ಒಂದು ಸಣ್ಣ ಓವನ್ನೇ. ಮೇಲೆ ಕಾಯಿಲ್, ಅದರ ಜೊತೆಗೆ ಜೋರಾದ ಫ್ಯಾನ್, ಕೆಳಗೆ ತೂತಿನ ಬುಟ್ಟಿ. ಬಿಸಿ ಗಾಳಿ ತಿನಿಸಿನ ಮೈ ಸುತ್ತ ರಭಸವಾಗಿ ಓಡುತ್ತದೆ, ಮೇಲಿನ ತೇವವನ್ನು ಹೊತ್ತುಕೊಂಡು ಹೋಗುತ್ತದೆ. ಗುಟ್ಟು ಇರೋದು ಇಲ್ಲೇ. ಹೊರಮೈಯಲ್ಲಿ ನೀರು ಇರುವವರೆಗೆ ಅದರ ಶಾಖ 100 ಡಿಗ್ರಿ ದಾಟಲ್ಲ, ಬಂದ ಬಿಸಿಯೆಲ್ಲ ನೀರನ್ನು ಹಬೆ ಮಾಡೋಕೆ ಖರ್ಚಾಗುತ್ತದೆ. ಕಂದು ಬಣ್ಣ, ಹುರಿದ ಘಮ ಚುರುಕಾಗೋದು 140 ಡಿಗ್ರಿ ದಾಟಿದ ಮೇಲೆ. ಹಾಗಾಗಿ ಉಂಡೆ ಮೆತ್ತಗೆ ಬಂತು ಅಂತ ಯಾರಾದರೂ ಹೇಳಿದರೆ ನಾನು ಎಣ್ಣೆ ಎಷ್ಟು ಹಾಕಿದಿರಿ ಅಂತ ಕೇಳಲ್ಲ. ನೀರು ಎಲ್ಲಿಂದ ಬಂತು ಅಂತ ಕೇಳುತ್ತೇನೆ.

ಮೊದಲು ಬ್ರೆಡ್. ಇವತ್ತು ಬೇಕರಿಯಿಂದ ತಂದ ಮೆತ್ತನೆ ಬ್ರೆಡ್ ಬೇಡ. ಅದು ಕೈಯಲ್ಲೇ ಅಂಟಂಟಾಗಿ ಮುದ್ದೆಯಾಗುತ್ತದೆ. ಎರಡು ದಿನ ಹಳೆಯದು ಇರಲಿ. ಹಳೆಯದಾದಂತೆ ಬ್ರೆಡ್ಡಿನ ಪಿಷ್ಟ ಮತ್ತೆ ಗಟ್ಟಿಯಾಗುತ್ತದೆ. ಆಮೇಲೆ ಒಣಗಿಸಿ ಪುಡಿ ಮಾಡಿದರೆ ಕಾಳು ಕಾಳಾಗಿ ನಿಲ್ಲುತ್ತದೆ, ಬೆಣ್ಣೆ ಮತ್ತು ಈರುಳ್ಳಿ ರಸವನ್ನು ಕುಡಿದರೂ ಕರಗಿ ಹೋಗಲ್ಲ. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಮಧ್ಯಾಹ್ನ ತುಂಡುಗಳನ್ನು ತಟ್ಟೆಯಲ್ಲಿ ಹರಡಿ ಫ್ಯಾನ್ ಕೆಳಗೆ ಇಟ್ಟರೆ ಸಂಜೆಗೆ ತಯಾರು. ಮಳೆಗಾಲದಲ್ಲಿ ಏರ್ ಫ್ರೈಯರ್‌ನಲ್ಲೇ 120 ಡಿಗ್ರಿಗೆ ಆರೇಳು ನಿಮಿಷ ಒಣಗಿಸಿ. ಪುಡಿ ಮಾಡಿ ಹಾಕಬೇಡಿ, ತುಂಡಾಗಿಯೇ ಒಣಗಿಸಿ. ಪುಡಿ ಹಾಕಿದರೆ ಫ್ಯಾನ್ ಅದನ್ನು ಎತ್ತಿ ಕಾಯಿಲ್‌ಗೆ ಅಂಟಿಸುತ್ತದೆ, ಮನೆಯೆಲ್ಲ ಹೊಗೆ.

ಆಮೇಲೆ ಈರುಳ್ಳಿ. 200 ಗ್ರಾಂ ಬ್ರೆಡ್ ಪುಡಿಗೆ ಎರಡು ಮಧ್ಯಮ ಗಾತ್ರದ ಈರುಳ್ಳಿ ಸಾಕು. ಸಣ್ಣಗೆ ಹೆಚ್ಚಿ ಎರಡು ದೊಡ್ಡ ಚಮಚ ಬೆಣ್ಣೆಯಲ್ಲಿ ಬಾಡಿಸಿ. ಉಪ್ಪನ್ನು ಇಲ್ಲೇ, ಬಾಣಲೆಯಲ್ಲೇ ಹಾಕಬೇಕು. ಉಪ್ಪು ಈರುಳ್ಳಿಯ ನೀರನ್ನು ಹೊರಗೆ ಎಳೆಯುತ್ತದೆ, ಆ ನೀರು ಬಾಣಲೆಯಲ್ಲೇ ಆವಿಯಾಗುತ್ತದೆ. ಹಸಿ ಈರುಳ್ಳಿ ಹಾಕಿ ಕಲಸಿದರೆ ಇದೇ ಕೆಲಸ ಉಂಡೆಯೊಳಗೆ ನಡೆಯುತ್ತದೆ: ಕಟ್ಟುವಾಗ ಗಟ್ಟಿಯಾಗಿದ್ದ ಉಂಡೆ ಹತ್ತು ನಿಮಿಷದಲ್ಲಿ ಬೆವರಿ ಸಡಿಲಾಗುತ್ತದೆ. ಈರುಳ್ಳಿ ಪೂರ್ತಿ ತಣ್ಣಗಾದ ಮೇಲೆಯೇ ಬ್ರೆಡ್ ಪುಡಿಗೆ ಸೇರಿಸಿ.

ಸೇಜ್ ಸೊಪ್ಪು ನಮ್ಮ ಮಾರ್ಕೆಟ್‌ನಲ್ಲಿ ಸಿಗಲ್ಲ. ಅದಕ್ಕಾಗಿ ಆನ್‌ಲೈನ್‌ನಲ್ಲಿ ದುಬಾರಿ ಡಬ್ಬಿ ತರಿಸಬೇಕಾಗಿಯೂ ಇಲ್ಲ. ಕುಂಡದಲ್ಲಿರುವ ದೊಡ್ಡಪತ್ರೆ ಸೇಜ್‌ನ ಕುಟುಂಬಕ್ಕೇ ಸೇರಿದ ಗಿಡ, ತುಳಸಿ ಮತ್ತು ಪುದೀನದ ಬಳಗ. ಘಮ ಬೇರೆ, ಆದರೆ ಬೆಣ್ಣೆ ಮತ್ತು ಈರುಳ್ಳಿ ಜೊತೆ ಅದೇ ರೀತಿ ನಿಲ್ಲುತ್ತದೆ. ಎಲೆ ದಪ್ಪ, ಒಳಗೆ ನೀರು ಜಾಸ್ತಿ. ಅದಕ್ಕೆ ನಾಲ್ಕೈದು ಎಲೆಯನ್ನು ಸಣ್ಣಗೆ ಕೊಚ್ಚಿ ಈರುಳ್ಳಿ ಜೊತೆಗೇ ಬಾಡಿಸಬೇಕು. ಹಸಿಮೆಣಸು, ಕಾಳುಮೆಣಸು ನಿಮ್ಮ ರುಚಿಗೆ ಬಿಟ್ಟಿದ್ದು.

ಹಿಡಿದಿಡೋಕೆ ಒಂದು ಮೊಟ್ಟೆ. ಮೊಟ್ಟೆ ತಿನ್ನದವರು ಅಗಸಿ ಬಳಸಿ. ರಾಯಚೂರು, ಕೊಪ್ಪಳದ ಕಡೆ ಅಗಸಿ ಚಟ್ನಿಪುಡಿ ಹೊಸದೇನಲ್ಲ, ಕಾಳು ಮನೆಯಲ್ಲೇ ಇರುತ್ತದೆ. ಹಸಿ ಅಗಸಿಯ ಪುಡಿ ಒಂದು ದೊಡ್ಡ ಚಮಚ, ನೀರು ಮೂರು ದೊಡ್ಡ ಚಮಚ. ಹತ್ತು ನಿಮಿಷ ಬಿಟ್ಟರೆ ಲೋಳೆ ಬರುತ್ತದೆ. ಕಡಲೆಹಿಟ್ಟು ಹಾಕುವವರೂ ಇದ್ದಾರೆ. ನನಗೆ ಅದು ಇಷ್ಟವಿಲ್ಲ. ಒಳಗೆ ಹಸಿಹಿಟ್ಟಿನ ವಾಸನೆ ಉಳಿದುಬಿಡುತ್ತದೆ.

ಎಲ್ಲ ಕಲಸಿದ ಮೇಲೆ ತರಕಾರಿ ಬೇಯಿಸಿದ ನೀರನ್ನು ಚಮಚ ಚಮಚವಾಗಿ ಹಾಕುತ್ತಾ ಬನ್ನಿ. ಬ್ರೆಡ್ ಎಷ್ಟು ಒಣಗಿದೆ ಅನ್ನೋದರ ಮೇಲೆ ಪ್ರಮಾಣ ಬದಲಾಗುತ್ತದೆ, 100 ಮಿಲಿಲೀಟರ್ ದಾಟೋದು ಅಪರೂಪ. ಮುಷ್ಟಿಯಲ್ಲಿ ಹಿಡಿದು ಒತ್ತಿ. ಬೆರಳ ಗುರುತು ಚೊಕ್ಕಟವಾಗಿ ಮೂಡಬೇಕು, ಅಂಗೈ ಒದ್ದೆಯಾಗಬಾರದು. ಅಂಚಿನಲ್ಲಿ ಬಿರುಕು ಬಿಟ್ಟರೆ ಇನ್ನೊಂದು ಚಮಚ ನೀರು ಬೇಕು. ಅಂಗೈಗೆ ಮೆತ್ತಿಕೊಂಡರೆ ಒಂದು ಹಿಡಿ ಪುಡಿ ಬೇಕು. ಈ ಪರೀಕ್ಷೆ ಅಳತೆ ಕಪ್ಪಿಗಿಂತ ಹೆಚ್ಚು ನಂಬಿಕಸ್ತ.

ಗಾತ್ರ ದೊಡ್ಡ ನಿಂಬೆಹಣ್ಣಿನಷ್ಟು, 30 ಗ್ರಾಂ ಆಸುಪಾಸು. ದೊಡ್ಡದು ಮಾಡಿದರೆ ಹೊರಗೆ ಆದಾಗ ಒಳಗೆ ಆಗಿರಲ್ಲ, ತೀರಾ ಸಣ್ಣದು ಮಾಡಿದರೆ ಒಳಗಿನ ಮೆದು ಭಾಗವೇ ಉಳಿಯಲ್ಲ. ಕಟ್ಟಿದ ಉಂಡೆಗಳು ಅರ್ಧ ಗಂಟೆ ಫ್ರಿಜ್‌ನಲ್ಲಿ ಇರಲಿ, ಮುಚ್ಚದೆ. ಬೆಣ್ಣೆ ಗಟ್ಟಿಯಾಗಿ ಆಕಾರ ಹಿಡಿಯುತ್ತದೆ, ಹೊರಮೈ ಒಂದಿಷ್ಟು ಒಣಗುತ್ತದೆ. ಅಗಸಿ ಹಾಕಿದವರು ಈ ಹಂತ ಬಿಡಲೇಬಾರದು.

ಈಗ ಹೊರಕವಚ. ಇದು ನನ್ನ ಮೆಚ್ಚಿನ ಭಾಗ. ಪೇಟೆಯ ಬ್ರೆಡ್ ಕ್ರಂಬ್ಸ್ ಬದಲು ಕಡಕ್ ಜೋಳದ ರೊಟ್ಟಿ ಪುಡಿ ಬಳಸಿ ನೋಡಿ. ಕಡಕ್ ರೊಟ್ಟಿಯಲ್ಲಿ ತೇವ ಬಹಳ ಕಡಿಮೆ. ಜೋಳದಲ್ಲಿ ಗೋಧಿಯ ಹಾಗೆ ಎಳೆದು ಕಟ್ಟುವ ಅಂಟು ಇಲ್ಲ, ಹಾಗಾಗಿ ಪುಡಿ ಒಂದಕ್ಕೊಂದು ಕೂಡಿಕೊಳ್ಳದೆ ಕಾಳು ಕಾಳಾಗಿಯೇ ಉಳಿದು ಗರಿಯಾಗುತ್ತದೆ. ಎಳ್ಳ ಅಮಾವಾಸ್ಯೆ ಮುಗಿದ ಮೇಲೆ ಡಬ್ಬಿಯ ತಳದಲ್ಲಿ ಚೂರಾಗಿ ಉಳಿಯುವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇದಕ್ಕೆ ಇನ್ನೂ ಚೆಂದ. ದಪ್ಪ ರವೆಯಷ್ಟು ತರಿಯಾಗಿ ಕುಟ್ಟಿ, ಹಿಟ್ಟಿನಂತೆ ನುಣುಪಾದದ್ದನ್ನು ಜರಡಿ ಹಿಡಿದು ತೆಗೆಯಿರಿ.

ಎಣ್ಣೆಯನ್ನು ಉಂಡೆಯ ಮೇಲೆ ಸಿಂಪಡಿಸುವ ಬದಲು ಈ ಪುಡಿಗೇ ಹಾಕಿ. ಒಂದು ಬಟ್ಟಲು ಪುಡಿಗೆ ಎರಡು ಸಣ್ಣ ಚಮಚ ಶೇಂಗಾ ಎಣ್ಣೆ ಹಾಕಿ ಬೆರಳಲ್ಲಿ ಚೆನ್ನಾಗಿ ತಿಕ್ಕಿ. ಪ್ರತಿ ಕಾಳಿಗೂ ತೆಳುವಾಗಿ ಎಣ್ಣೆ ಹತ್ತುತ್ತದೆ. ಗಾಳಿಯ ಶಾಖ ಸಮನಾಗಿ ಹರಡೋಕೆ ಅಷ್ಟು ಸಾಕು, ಪುಡಿ ಹಾರೋದೂ ಕಡಿಮೆಯಾಗುತ್ತದೆ. ಕೈಯನ್ನು ನೀರಲ್ಲಿ ಅದ್ದಿ ಉಂಡೆಯ ಮೇಲೆ ಸವರಿ, ಪುಡಿಯಲ್ಲಿ ಹೊರಳಿಸಿ, ಮೆಲ್ಲಗೆ ಒತ್ತಿ. ಸಡಿಲ ಪುಡಿಯನ್ನು ಕೊಡವಿ ತೆಗೆಯಿರಿ. ಏರೋಸಾಲ್ ಸ್ಪ್ರೇ ಡಬ್ಬಿಗಳು ಬುಟ್ಟಿಯ ನಾನ್‌ಸ್ಟಿಕ್ ಪದರವನ್ನು ಕೆಡಿಸುತ್ತವೆ, ಅವು ಬೇಡ.

ಯಂತ್ರವನ್ನು 180 ಡಿಗ್ರಿಗೆ ನಾಲ್ಕು ನಿಮಿಷ ಖಾಲಿ ಕಾಯಿಸಿ. ಉಂಡೆಗಳ ನಡುವೆ ಒಂದು ಬೆರಳಿನಷ್ಟು ಜಾಗ ಬಿಡಿ, ಒಂದರ ಮೇಲೊಂದು ಇಡಬೇಡಿ. ನಾಲ್ಕು ಲೀಟರ್ ಬುಟ್ಟಿಗೆ ಎಂಟೊಂಬತ್ತು ಉಂಡೆ ಸಾಕು. ಒತ್ತಾಗಿ ತುಂಬಿದರೆ ಹೊರಟ ಹಬೆ ಪಕ್ಕದ ಉಂಡೆಗೆ ಬಡಿಯುತ್ತದೆ. ಎಂಟು ನಿಮಿಷ ಆದ ಮೇಲೆ ತಿರುಗಿಸಿ, ಇನ್ನೂ ನಾಲ್ಕು ನಿಮಿಷ. ಅದಕ್ಕೂ ಮೊದಲು ಮುಟ್ಟಬೇಡಿ, ಕವಚ ಗಟ್ಟಿಯಾಗದೆ ಕಿತ್ತು ಬರುತ್ತದೆ. ರೊಟ್ಟಿ ಪುಡಿ ಮೊದಲೇ ಹಂಚಿನ ಮೇಲೆ ಬೆಂದದ್ದು, ಆದ್ದರಿಂದ ಬಣ್ಣ ನೋಡಿ ಆಯಿತು ಅನ್ನೋಕಾಗಲ್ಲ. ಚಮಚದಿಂದ ತಟ್ಟಿದರೆ ಟಕ್ ಅಂತ ಒಣ ಸದ್ದು ಬರಬೇಕು. ಒಂದನ್ನು ಮುರಿದರೆ ಹೊರಗೆ ತೆಳುವಾದ ಗಟ್ಟಿ ಪದರ, ಒಳಗೆ ಬಿಸಿ ಹಬೆಯಾಡುವ ಮೆತ್ತನೆ ಬ್ರೆಡ್, ನಡುವೆ ಹೊಳೆಯುವ ಈರುಳ್ಳಿ ಕಾಣಬೇಕು. ಕೀಮಾ ಹಾಕಿದ್ದರೆ ಥರ್ಮಾಮೀಟರ್ ಚುಚ್ಚಿ 74 ಡಿಗ್ರಿ ನೋಡಲೇಬೇಕು. ಕಪ್ಪಾಗುವವರೆಗೆ ಮಾತ್ರ ಬಿಡಬೇಡಿ. ಪಿಷ್ಟದ ತಿನಿಸು ಅತಿಯಾಗಿ ಕಂದಿದರೆ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕ ಹೆಚ್ಚುತ್ತದೆ. ಎಣ್ಣೆ ಕಡಿಮೆ ಹಾಕಿದ್ದೇವೆ ಅನ್ನೋದು ಅದಕ್ಕೆ ಪರಿಹಾರವಲ್ಲ.

ಇಷ್ಟೆಲ್ಲ ಮಾಡಿದರೂ ಏಪ್ರಿಲ್, ಮೇ ಸಂಜೆ ಕೆಲವರಿಗೆ ಉಂಡೆ ಪೇಲವವಾಗಿ ಬರುತ್ತದೆ. ಸಿರುಗುಪ್ಪ, ಸಿಂಧನೂರು ಕಡೆಯಿಂದ ಬರುವವರು ಇದನ್ನು ಹೇಳಿದಾಗ ನಾನು ವೋಲ್ಟೇಜ್ ಕೇಳುತ್ತೇನೆ. ಕಾಯಿಲ್‌ನ ಶಕ್ತಿ ವೋಲ್ಟೇಜ್‌ನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಇಳಿಯುತ್ತದೆ. 230 ವೋಲ್ಟ್ ಇರಬೇಕಾದ ಕಡೆ 180 ಬಂದರೆ 1,500 ವ್ಯಾಟ್‌ನ ಯಂತ್ರ ಕೊಡೋದು ಸುಮಾರು 920 ವ್ಯಾಟ್ ಮಾತ್ರ. ಪರದೆ ಮೇಲೆ ನೀವು ಒತ್ತಿದ 180 ಡಿಗ್ರಿ ಕಾಣುತ್ತಲೇ ಇರುತ್ತದೆ, ಒಳಗೆ ಅಷ್ಟು ಶಾಖ ಏರೋಕೆ ತುಂಬಾ ಹೊತ್ತು ಬೇಕು. ವೋಲ್ಟೇಜ್ ಇಳಿದ ಹೊತ್ತಿನಲ್ಲಿ ಖಾಲಿ ಕಾಯಿಸುವ ಸಮಯವನ್ನು ದುಪ್ಪಟ್ಟು ಮಾಡಿ, ಬುಟ್ಟಿಗೆ ಐದಾರು ಉಂಡೆ ಮಾತ್ರ ಇಡಿ. ಪ್ಲಗ್ 16 ಆಂಪಿಯರ್‌ನದೇ ಇರಲಿ, ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ.

ತೆಗೆದ ಮೇಲೆ ಹಾಟ್‌ಬಾಕ್ಸ್‌ಗೆ ಹಾಕಬೇಡಿ. ಒಳಗಿನ ಹಬೆ ಹೊರಗೆ ಬಂದು ಕವಚವನ್ನು ಐದೇ ನಿಮಿಷದಲ್ಲಿ ಮೆತ್ತಗೆ ಮಾಡುತ್ತದೆ. ಜಾಲರಿ ಮೇಲೆ ತೆರೆದಿಟ್ಟು, ಶೇಂಗಾ ಚಟ್ನಿ ಜೊತೆ ಬಿಸಿಯಾಗಿ ಕೊಡಿ. ಈ ಅಳತೆಗೆ ಸುಮಾರು 15 ಉಂಡೆ ಆಗುತ್ತವೆ. ಒಮ್ಮೆಗೆ ಅಷ್ಟು ಬೇಡವಾದರೆ ಪುಡಿ ಹೊರಳಿಸಿದ ಹಸಿ ಉಂಡೆಗಳನ್ನು ತಟ್ಟೆಯಲ್ಲಿ ಬಿಡಿ ಬಿಡಿಯಾಗಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಆಮೇಲೆ ಡಬ್ಬಿಗೆ ತುಂಬಿ. ಬೇಕಾದಾಗ ಕರಗಿಸದೆ ನೇರ ಬುಟ್ಟಿಗೆ ಇಡಿ: 170 ಡಿಗ್ರಿ, 15 ನಿಮಿಷ. ಕರಗೋಕೆ ಬಿಟ್ಟರೆ ಹೊರಮೈಗೆ ನೀರು ಕೂರುತ್ತದೆ, ರೊಟ್ಟಿ ಪುಡಿ ಅದನ್ನೆಲ್ಲ ಕುಡಿದುಬಿಡುತ್ತದೆ.