ಸೈಕ್ಲೋನ್: ಗಾಳಿಯ ಹೆಸರು ಮಳೆಗೆ ಅಂಟಿದ ಬಗೆ

ಅಡಿಕೆ ಸುಗ್ಗಿಯ ದಿನಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜನರ ಬಾಯಲ್ಲಿ ಅತಿ ಹೆಚ್ಚು ಓಡಾಡುವ ಇಂಗ್ಲಿಷ್ ಪದ ‘ರೇಟು’. ಅದರ ಬೆನ್ನಿಗೇ ಬರುವುದು ‘ಸೈಕ್ಲೋನ್’. ನವೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಇಬ್ಬನಿ ಬೀಳುವ ಬದಲು ಮೋಡ ಕವಿದಿದ್ದರೆ ಸಾಕು, ಪಕ್ಕದ ಮನೆಯಿಂದ ಫೋನು: “ಮದ್ರಾಸಿನ ಕಡೆ ಸೈಕ್ಲೋನಂತೆ ಮಾರಾಯ, ಸುಲಿಯೋರಿಗೆ ಇವತ್ತು ಬರೋದು ಬೇಡ ಅಂತ ಹೇಳು.”

ಹೀಗೆ ಹೇಳುವವರ ಮನೆ ಅಂಗಳಕ್ಕೆ ಸೈಕ್ಲೋನ್ ಬಂದದ್ದೇ ಇಲ್ಲ ಎನ್ನಬಹುದು. ಇಲ್ಲಿಗೆ ಬರುವುದು ಅದರ ಬಾಲ: ಮೂರು ದಿನದ ಮೋಡ, ಜಿಟಿಜಿಟಿ ಹನಿ, ಮಧ್ಯೆ ಒಂದೆರಡು ಜೋರು ಮಳೆ. ಗಾಳಿ ಇರುವುದೇ ಇಲ್ಲ, ಎಲೆಯೂ ಅಲುಗದು. ಆದರೂ ಮಲೆನಾಡಿನಲ್ಲಿ ಸೈಕ್ಲೋನ್ ಎಂದರೆ ಮಳೆ, ಅದೂ ಬರಬಾರದ ಹೊತ್ತಿನಲ್ಲಿ ಬಂದ ಮಳೆ.

ಹವಾಮಾನ ಇಲಾಖೆಯವರಿಗೆ ಇದು ಒಪ್ಪಿಗೆಯಾಗುವ ಮಾತಲ್ಲ. ಅವರ ಏಣಿ ಇರುವುದು ಗಾಳಿಯ ವೇಗದ ಮೇಲೆ. ಸುಳಿಯ ಸುತ್ತ ಗಾಳಿ ಗಂಟೆಗೆ 31ರಿಂದ 50 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 61ರವರೆಗೆ ತೀವ್ರ ವಾಯುಭಾರ ಕುಸಿತ. 62 ಮುಟ್ಟಿದರೆ ಮಾತ್ರ ಚಂಡಮಾರುತ, ಅಂದರೆ ಸೈಕ್ಲೋನ್. 89ಕ್ಕೆ ತೀವ್ರ ಚಂಡಮಾರುತ, 118ಕ್ಕೆ ಅತಿ ತೀವ್ರ, 221 ಮುಟ್ಟಿದರೆ 1999ರ ಅಕ್ಟೋಬರ್‌ನಲ್ಲಿ ಒಡಿಶಾ ಕಂಡಂಥ ಸೂಪರ್ ಸೈಕ್ಲೋನ್. ಈ ಏಣಿಯಲ್ಲಿ ಮಳೆಗೆ ಒಂದು ಮೆಟ್ಟಿಲೂ ಇಲ್ಲ.

ಹಾಗಾದರೆ ನಮ್ಮವರು ಹೇಳುವುದು ತಪ್ಪೇ? ಪದ ಹುಟ್ಟಿದ ಕಥೆ ಕೇಳಿದರೆ ಅಷ್ಟು ಸುಲಭವಾಗಿ ತಪ್ಪೆನ್ನಲಾಗದು.

ಸೈಕ್ಲೋನ್ ಇಂಗ್ಲಿಷ್ ಪದ ನಿಜ, ಆದರೆ ಹುಟ್ಟಿದ್ದು ಕೋಲ್ಕತ್ತದಲ್ಲಿ. ಹೆನ್ರಿ ಪಿಡಿಂಗ್ಟನ್ ಎಂಬಾತ ಮೊದಲು ವ್ಯಾಪಾರಿ ಹಡಗುಗಳ ಕಪ್ತಾನ. ಆಮೇಲೆ ಕೋಲ್ಕತ್ತದಲ್ಲಿ ನೆಲೆ ನಿಂತು, ಹಡಗು ಅವಘಡಗಳ ವಿಚಾರಣೆ ಮಾಡುವ ನ್ಯಾಯಮಂಡಳಿಯ ಅಧ್ಯಕ್ಷನಾದ. ಬಂಗಾಳ ಕೊಲ್ಲಿಯ ಬಿರುಗಾಳಿಗೆ ಸಿಕ್ಕಿ ಬಂದ ಹಡಗುಗಳ ದಿನಚರಿ ಪುಸ್ತಕಗಳನ್ನು ಕಲೆಹಾಕುವುದು ಅವನ ಗೀಳು. ಇಂಥ ದಿನ, ಇಂಥ ಗಂಟೆಗೆ, ಇಂಥ ಕಡೆ ಇದ್ದ ಹಡಗಿಗೆ ಗಾಳಿ ಯಾವ ದಿಕ್ಕಿನಿಂದ ಹೊಡೆಯಿತು ಎಂಬುದನ್ನು ನಕ್ಷೆಯ ಮೇಲೆ ಗುರುತು ಹಾಕುತ್ತ ಹೋದರೆ ಬಾಣಗಳೆಲ್ಲ ಒಂದು ಸುಳಿಯಾಗಿ ಕೂಡಿಕೊಳ್ಳುತ್ತಿದ್ದವು. 1839ರಿಂದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಲೆಕ್ಕಗಳನ್ನು ಅವನು ಒಂದೊಂದಾಗಿ ಅಚ್ಚು ಹಾಕಿಸಿದ. ಅದೇ 1839ರ ನವೆಂಬರಿನಲ್ಲಿ ಗೋದಾವರಿ ಮುಖಜದ ಕೋರಿಂಗ ಬಂದರು ಕಡಲುಬ್ಬರಕ್ಕೆ ಸಿಕ್ಕಿ ನಾಶವಾಯಿತು.

ಆ ಕಾಲದ ನಾವಿಕರ ಬಾಯಲ್ಲಿ ಹೆಸರುಗಳ ಗೊಂದಲವೋ ಗೊಂದಲ. ಒಬ್ಬ ಗೇಲ್ ಅಂದದ್ದು ಇನ್ನೊಬ್ಬನಿಗೆ ಸ್ಟಾರ್ಮ್, ಮತ್ತೊಬ್ಬನಿಗೆ ಹರಿಕೇನ್. ಹರಿಕೇನ್ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ಮಾತಿನಿಂದ ಸ್ಪ್ಯಾನಿಷ್ ದಾಟಿ ಬಂದದ್ದು. ಚೀನಾ ಕಡಲಿನವರು ಟೈಫೂನ್ ಅನ್ನುತ್ತಿದ್ದರು. ಅದಕ್ಕೂ ಮೊದಲೇ ಬ್ರಿಟಿಷ್ ನೌಕಾಪಡೆಯ ಬ್ಯೂಫೋರ್ಟ್ ಗಾಳಿಗೆ ಅಂಕ ಹಾಕಿದ್ದನಾದರೂ ಅದು ಗಾಳಿಯ ಜೋರಿನ ಲೆಕ್ಕ, ಆಕಾರದ್ದಲ್ಲ. ಪಿಡಿಂಗ್ಟನ್‌ಗೆ ಬೇಕಿದ್ದದ್ದು ಆಕಾರ ಹೇಳುವ ಪದ. 1848ರಲ್ಲಿ ನಾವಿಕರಿಗಾಗಿ ಬರೆದ ಕೈಪಿಡಿಯಲ್ಲಿ, ಹಾವಿನ ಸುರುಳಿ ಎಂಬ ಅರ್ಥವೂ ಇರುವ ಗ್ರೀಕ್ ಪದವೊಂದನ್ನು ಹಿಡಿದು ‘ಸೈಕ್ಲೋನ್’ ಎಂದ. ಗಾಳಿ ಪೂರ್ತಿ ವೃತ್ತವಾಗಿ ತಿರುಗುತ್ತದೆ ಎಂದಾಗಲೀ ಇಷ್ಟೇ ಜೋರಿರಬೇಕು ಎಂದಾಗಲೀ ಇಲ್ಲ. ಸುತ್ತಿ ಬಾಗಿ ಬೀಸುವ ಗಾಳಿಗೆಲ್ಲ ಒಂದೇ ಹೆಸರು, ಅಷ್ಟೇ. ಆ ಪುಸ್ತಕದ ಜೊತೆ ಪಾರದರ್ಶಕವಾದ ಕೊಂಬಿನ ಹಾಳೆಗಳೂ ಇದ್ದವು. ಅವುಗಳ ಮೇಲೆ ಸುಳಿಯ ಚಿತ್ರ. ಕಪ್ತಾನ ಅದನ್ನು ನಕ್ಷೆಯ ಮೇಲಿಟ್ಟು ತಿರುಗಿಸಿ ಸುಳಿಯ ನಡು ಎಲ್ಲಿದೆ ಎಂದು ಅಂದಾಜು ಮಾಡಬೇಕು. ಇಂದು ಉಪಗ್ರಹ ಮಾಡುವ ಕೆಲಸವನ್ನು ಅಂದು ಕೊಂಬಿನ ತುಂಡು ಮಾಡುತ್ತಿತ್ತು.

ಅಂದರೆ ಮೂಲದಲ್ಲಿ ಈ ಪದಕ್ಕೆ 62 ಕಿ.ಮೀ.ಯ ಬೇಲಿ ಇರಲಿಲ್ಲ. ಬೇಲಿ ಹಾಕಿದವರು ಆಮೇಲಿನವರು. ಹವಾಮಾನ ವಿಜ್ಞಾನದಲ್ಲಿ ಕಡಿಮೆ ಒತ್ತಡದ ಸುತ್ತ ತಿರುಗುವ ಗಾಳಿಗೆಲ್ಲ ಸೈಕ್ಲೋನ್ ಎನ್ನುವ ವಾಡಿಕೆ ಈಗಲೂ ಇದೆ. ಅಮೆರಿಕದ ಬಯಲುಸೀಮೆಯ ಹಳಬರು ಸುಂಟರಗಾಳಿಗೇ ಈ ಹೆಸರು ಕೊಟ್ಟಿದ್ದರು. ಶಿವಮೊಗ್ಗದ ರೈಸ್ ಮಿಲ್ಲಿನ ಹಿಂಬದಿಗೆ ಹೋದರೆ ತಗಡಿನ ದೊಡ್ಡ ಆಲಿಕೆಯಂಥದ್ದು ತೂಗಿಕೊಂಡಿರುತ್ತದಲ್ಲ, ಗಾಳಿಯನ್ನು ಒಳಗೆ ಗಿರಗಿರ ತಿರುಗಿಸಿ ಧೂಳು, ಹೊಟ್ಟನ್ನು ಕೆಳಗೆ ಉದುರಿಸುವಂಥದ್ದು, ಮಿಲ್ಲಿನವರ ಬಾಯಲ್ಲಿ ಅದೂ ಸೈಕ್ಲೋನೇ. ನನ್ನನ್ನು ಕೇಳಿದರೆ ಪಿಡಿಂಗ್ಟನ್‌ನ ಅರ್ಥಕ್ಕೆ ಅತಿ ಹತ್ತಿರ ಇರುವುದು ಆ ತಗಡಿನ ಸೈಕ್ಲೋನು.

ಪಿಡಿಂಗ್ಟನ್‌ನದು ಇನ್ನೊಂದು ಕಥೆ ಇದೆ, ಹೇಳದಿದ್ದರೆ ಮನಸ್ಸು ಒಪ್ಪದು. ಕೋಲ್ಕತ್ತದ ದಕ್ಷಿಣಕ್ಕೆ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟುವ ಮಾತು ಬಂದಾಗ, 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬಹಿರಂಗ ಪತ್ರ ಬರೆದು, ಅಲ್ಲಿ ಬೇಡ, ಒಂದಲ್ಲ ಒಂದು ದಿನ ಸೈಕ್ಲೋನ್ ಕಡಲನ್ನೇ ಮೇಲೆ ತಂದುಹಾಕುತ್ತದೆ ಎಂದ. ಕೇಳಿದವರಾರು? ಬಂದರು ಎದ್ದಿತು, ಕ್ಯಾನಿಂಗ್ ಎಂದು ಹೆಸರಾಯಿತು. 1858ರಲ್ಲಿ ಆತ ತೀರಿಕೊಂಡ. 1867ರಲ್ಲಿ ಬಂದ ಸೈಕ್ಲೋನ್ ಬಂದರನ್ನು ಹಾಳುಗೆಡವಿತು, ಕೆಲವೇ ವರ್ಷದಲ್ಲಿ ಅದನ್ನು ಕೈಬಿಟ್ಟರು. ಅದಕ್ಕೂ ಮೂರು ವರ್ಷ ಮೊದಲು, 1864ರ ಅಕ್ಟೋಬರಿನಲ್ಲಿ, ಕೋಲ್ಕತ್ತವೇ ಇಂಥದೊಂದಕ್ಕೆ ಸಿಕ್ಕಿ ಹತ್ತಾರು ಸಾವಿರ ಜನ ಸತ್ತಿದ್ದರು. ಆ ಪೆಟ್ಟು, ಬೆನ್ನಿಗೇ ಬಂದ ಬರಗಾಲ, ಎರಡೂ ಸೇರಿ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು.

ಮಲೆನಾಡಿಗೆ ಈ ಪದ ಬಂದದ್ದು ಬಹಳ ತಡವಾಗಿ. ಇಲ್ಲಿಯ ಮಳೆಗೆ ಮೊದಲೇ ಹೆಸರುಗಳಿದ್ದವು. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು-ಹದಿನಾಲ್ಕು ದಿನಕ್ಕೆ ಒಂದೊಂದು ಮಳೆ: ಜೂನಿನಲ್ಲಿ ಮೃಗಶಿರಾ, ಆಮೇಲೆ ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹೀಗೆ ಸ್ವಾತಿ, ವಿಶಾಖದವರೆಗೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆಯೆಲ್ಲ ಬಹುಪಾಲು ಈ ಪಟ್ಟಿಯೊಳಗೇ ಸುರಿದು ಮುಗಿಯುತ್ತದೆ. ವಿಶಾಖ ಕಳೆದ ಮೇಲೆ ಬರುವ ಮಳೆಗೆ ಪಂಚಾಂಗದಲ್ಲಿ ನಕ್ಷತ್ರ ಇದ್ದರೂ ಜನರ ಬಾಯಲ್ಲಿ ಹೆಸರಿಲ್ಲ. ಆ ಖಾಲಿ ಜಾಗದಲ್ಲಿ ಮೊದಲು ಬಂದು ಕುಳಿತದ್ದು ರೇಡಿಯೊ ವಾರ್ತೆಯ ‘ವಾಯುಭಾರ ಕುಸಿತ’. ವಯಸ್ಸಾದವರು ಈಗಲೂ “ಬಂಗಾಳ ಕೊಲ್ಲೀಲಿ ಕುಸಿತ ಆಗಿದ್ಯಂತೆ” ಎನ್ನುವುದುಂಟು. ಟೀವಿ, ಮೊಬೈಲು ಬಂದ ಮೇಲೆ ಕುಸಿತ ಹಿಂದೆ ಸರಿದು ಸೈಕ್ಲೋನ್ ಮುಂದೆ ಬಂತು.

ಯಾಕೆ ಈ ಮಳೆಗೆ ಪ್ರತ್ಯೇಕ ಹೆಸರು ಬೇಕಾಯಿತು ಎಂಬುದಕ್ಕೆ ಉತ್ತರ ಅಂಗಳದಲ್ಲಿದೆ. ಕೊಯ್ದ ಹಸಿ ಅಡಿಕೆಯನ್ನು ಸುಲಿದು, ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ಕೆಂಪು ನೀರು) ಹಾಕಿ ಹಂಡೆಯಲ್ಲಿ ಬೇಯಿಸಿ, ನೀರು ಸೋಸಿ, ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ) ಹಾಸಿದ ಚಪ್ಪರದ ಮೇಲೆ ಹರವಬೇಕು. ಒಣಗಿಸುವ ಲೆಕ್ಕ ದಿನದಲ್ಲಲ್ಲ, ಬಿಸಿಲಿನಲ್ಲಿ. ‘ಇದು ಎರಡು ಬಿಸಿಲು ಕಂಡಿದ್ದು, ಅದು ನಾಲ್ಕು’ ಎನ್ನುತ್ತಾರೆ. ಒಳ್ಳೆಯ ಬಿಸಿಲಾದರೆ ಐದಾರರಲ್ಲಿ ಕೆಲಸ ಆದೀತು. ಒಂದೂ ಬಿಸಿಲು ಕಾಣದ ಅಡಿಕೆಯ ಗತಿ ಅತಿ ಕಷ್ಟ: ಒದ್ದೆ ಟಾರ್ಪಲಿನ ಕೆಳಗೆ ರಾಶಿ ಹಾಕಿದರೆ ಬಿಸಿಯೇರಿ ಅಂಟಂಟಾಗುತ್ತದೆ, ಕೈ ಹಾಕಿದರೆ ಹುಳಿ ವಾಸನೆ, ಮರುದಿನ ಬೂಷ್ಟು. ಆಮೇಲೆ ಎಷ್ಟು ಒಣಗಿಸಿದರೂ ಬಣ್ಣ ಕೂಡುವುದಿಲ್ಲ, ಅಡಿಕೆ ಕೊಳ್ಳುವ ಮಂಡಿಯಲ್ಲಿ ಮುಷ್ಟಿಯಲ್ಲೆತ್ತಿ ನೋಡಿದವರು ಮಾತಾಡದೆ ಪಕ್ಕಕ್ಕಿಡುತ್ತಾರೆ. ಮರದಲ್ಲೇ ಬಿಡೋಣವೆಂದರೆ ಕಾಯಿ ಬಲಿತು ಹಣ್ಣಾಗುತ್ತದೆ, ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಮತ್ತೆ ಸಿಗುವುದು ಯಾವಾಗಲೋ. ಗದ್ದೆಯಲ್ಲಿ ಕೊಯ್ದು ಹಾಕಿದ ಭತ್ತ ನೀರಿನಲ್ಲಿ ಬಿದ್ದು ಮೊಳಕೆ ಒಡೆಯುವುದು ಬೇರೆ. ಹಾಗಾಗಿ ಗಾಳಿ 40ರಲ್ಲಿದೆಯೋ 70ರಲ್ಲಿದೆಯೋ ಎಂಬುದು ಇಲ್ಲಿ ಯಾರಿಗೂ ಬೇಕಿಲ್ಲ. ನಾಳೆ ಬಿಸಿಲಿದೆಯೋ ಇಲ್ಲವೋ?

ತೊಂದರೆ ಆಗುವುದು ಎರಡು ಅರ್ಥಗಳೂ ಒಂದೇ ವಾರ್ತೆಯಲ್ಲಿ ಕೂಡಿದಾಗ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಹತ್ತಿರ ದಡ ಹತ್ತಿತು. ಮರುದಿನದಿಂದಲೇ ‘ದುರ್ಬಲಗೊಂಡ ಚಂಡಮಾರುತ’ ಎಂಬ ಸುದ್ದಿ. ಕೇಳಿದವರು ಗಂಡಾಂತರ ಕಳೆಯಿತು ಎಂದುಕೊಂಡರೆ ತಪ್ಪೇನು? ಆದರೆ ದುರ್ಬಲವಾದದ್ದು ಗಾಳಿ. ಕಡಲಿನಿಂದ ಹೊತ್ತು ತಂದ ನೀರು ಮೋಡದಲ್ಲೇ ಇತ್ತು. ಕರಾವಳಿಯಿಂದ ಬಲು ದೂರದ, ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನಕ್ಕೆ ಸುಮಾರು 50 ಸೆಂ.ಮೀ. ಮಳೆ ಬಿದ್ದದ್ದು ಅದು ದುರ್ಬಲವಾದ ಮೇಲೆ. ಡಿಸೆಂಬರ್ 2, 3ರ ಹೊತ್ತಿಗೆ ಅದರ ಉಳಿಕೆ ಕರ್ನಾಟಕ ದಾಟಿ ಅರಬ್ಬಿ ಸಮುದ್ರದ ಕಡೆ ಹೋಗುತ್ತ ನಮ್ಮ ಕರಾವಳಿಯವರೆಗೂ ಮಳೆ ಸುರಿಸಿತು.

ಹೆಸರಿನ ವಿಷಯವೂ ಹೀಗೇ. ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಗಳಿಗೆ 2004ರಿಂದ ಹೆಸರಿಡುತ್ತಿದ್ದಾರೆ. ಮೊದಲನೆಯದು ಅರಬ್ಬಿ ಸಮುದ್ರದ ಓನಿಲ್. 2020ರ ಹೊಸ ಪಟ್ಟಿಯಲ್ಲಿ 13 ದೇಶಗಳು ತಲಾ 13ರಂತೆ 169 ಹೆಸರು ಕೊಟ್ಟಿವೆ. ಭಾರತದ ಪಾಲಿನಲ್ಲಿ ಗತಿ, ತೇಜ್, ಮುರಸು, ನೀರ್ ಮುಂತಾದವು. 62 ಕಿ.ಮೀ. ಮುಟ್ಟದ್ದಕ್ಕೆ ನಾಮಕರಣ ಇಲ್ಲ, ಹೆಸರಿಲ್ಲದ್ದಕ್ಕೆ ಟೀವಿಯಲ್ಲಿ ಜಾಗವೂ ಕಡಿಮೆ. 2021ರ ನವೆಂಬರಿನಲ್ಲಿ ತಮಿಳುನಾಡಿನ ಕರಾವಳಿಗೆ ಎರಡು ಬಾರಿ ಬಂದು ಅಪ್ಪಳಿಸಿದ್ದು ಬರೀ ವಾಯುಭಾರ ಕುಸಿತಗಳು. ಒಂದಕ್ಕೂ ಹೆಸರಿರಲಿಲ್ಲ. ಆ ತಿಂಗಳು ಕರ್ನಾಟಕದಲ್ಲಿ ಭತ್ತ, ರಾಗಿ, ಕಾಫಿ ಎಲ್ಲ ನೆನೆದು ಹೋದವು. ಜನ ಅದನ್ನೂ ಸೈಕ್ಲೋನ್ ಮಳೆ ಎಂದೇ ಕರೆದರು. ಇಲಾಖೆಯ ಅಳತೆಗೆ ಅದು ತಪ್ಪು. ಪಿಡಿಂಗ್ಟನ್ ಇದ್ದಿದ್ದರೆ ತಕರಾರು ಮಾಡುತ್ತಿರಲಿಲ್ಲ.

ಪಶ್ಚಿಮದ ಕಡಲಿನ ಸೈಕ್ಲೋನುಗಳ ಬಾಬತ್ತು ಬೇರೆ. ಅವು ಸಾಮಾನ್ಯವಾಗಿ ಮುಂಗಾರಿನ ಮೊದಲು ಅಥವಾ ನಂತರ ಎದ್ದು, ಹಲವು ದಂಡೆಯ ಗುಂಟ ಬಡಗಣಕ್ಕೆ ಸರಿಯುತ್ತವೆ. 2021ರ ಮೇನಲ್ಲಿ ತೌಕ್ತೆ ಹಾಗೆ ಹೋಗುವಾಗ ಕರಾವಳಿಗೆ ಪೆಟ್ಟು ಕೊಟ್ಟು, ಘಟ್ಟದ ಮೇಲೂ ಮಳೆ ತಂದಿತು. 2023ರ ಬಿಪರ್‌ಜಾಯ್ ಮಾಡಿದ್ದು ತದ್ವಿರುದ್ಧ: ಮಳೆ ತರಲಿಲ್ಲ, ತಡೆಯಿತು. ಜೂನ್ ಮೊದಲ ವಾರ ಹುಟ್ಟಿ 15ಕ್ಕೆ ಗುಜರಾತಿನ ಜಖಾವು ಬಳಿ ದಡ ಸೇರುವವರೆಗೆ ಕಡಲಿನ ತೇವವನ್ನೆಲ್ಲ ತನ್ನತ್ತ ಎಳೆದುಕೊಂಡಿತು. ಜೂನ್ 1ಕ್ಕೆ ಬರಬೇಕಾದ ಮುಂಗಾರು ಕೇರಳಕ್ಕೆ ಬಂದದ್ದು 8ಕ್ಕೆ, ಬಂದ ಮೇಲೂ ಬಲವಿಲ್ಲ. ಆ ವರ್ಷದ ಮೃಗಶಿರಾ ಬಹುತೇಕ ಒಣಗಿಯೇ ಹೋಯಿತು. ಮಳೆ ತಪ್ಪಿಸಿದ ಸೈಕ್ಲೋನಿಗೆ ನಮ್ಮ ಕಡೆ ಇನ್ನೂ ಮಾತು ಹುಟ್ಟಿಲ್ಲ.

ಈಗ ಅಡಿಕೆ ಬೇಯಿಸುವ ಮುಂಚೆ ಫೋನು ತೆಗೆದು ನೋಡುವವರಿಗೆ ಒಂದು ಮಾತು. ಚಂಡಮಾರುತ ಯಾವ ದರ್ಜೆಯದ್ದು ಎಂಬ ಸಾಲನ್ನು ಬಿಟ್ಟು, ಮಳೆ ಎಲ್ಲೆಲ್ಲಿ ಎಂಬ ಸಾಲನ್ನು ಓದಬೇಕು. ಅಲ್ಲೂ ಒಂದು ತೊಡಕಿದೆ. ಹವಾಮಾನ ಇಲಾಖೆಯ ವಿಂಗಡಣೆಯಲ್ಲಿ ಕರ್ನಾಟಕಕ್ಕೆ ಇರುವುದು ಮೂರೇ ಭಾಗ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಆಗುಂಬೆ ಮತ್ತು ಕೋಲಾರ ಎರಡೂ ದಕ್ಷಿಣ ಒಳನಾಡು. ‘ದಕ್ಷಿಣ ಒಳನಾಡಿನಲ್ಲಿ ಅಲ್ಲಲ್ಲಿ ಮಳೆ’ ಎಂದರೆ ಹೊಸನಗರದ ಚಪ್ಪರಕ್ಕೆ ಅದರಿಂದ ಏನೂ ತಿಳಿಯದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಾತ್ರ ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗನ್ನು ಮಲೆನಾಡು ಎಂದೇ ಬೇರೆ ಲೆಕ್ಕ ಹಿಡಿಯುತ್ತದೆ, ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳೂ ಅದರ ಬಳಿ ಇವೆ. ಅದರ ವರುಣಮಿತ್ರ ಸಹಾಯವಾಣಿಗೆ ಹಗಲು ರಾತ್ರಿ ಎನ್ನದೆ ಫೋನು ಮಾಡಬಹುದು. ಸೈಕ್ಲೋನ್ ಎಲ್ಲಿದೆ ಎಂದು ಕೇಳುವ ಬದಲು ನಮ್ಮೂರಲ್ಲಿ ನಾಡಿದ್ದಿನವರೆಗೆ ಬಿಸಿಲಿದೆಯೇ ಎಂದು ಕೇಳಿದರೆ ಸುಲಿಯುವವರಿಗೆ ಏನು ಹೇಳಬೇಕೆಂಬುದು ಗೊತ್ತಾಗುತ್ತದೆ.